ಬೈಕಿಗೆ ತೊಗಲಿನ ಚೀಲ: ಮುಖ ಬಿಡಿ, ಅಂಚು ನೋಡಿ

ಬೈಕಿನ ಎರಡೂ ಬದಿಗೆ ತೊಗಲಿನ ಚೀಲ ಹಾಕಿಸಬೇಕು, ಯಾವುದು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಒಳಗೆ ಏನು ಇಡ್ತೀರಿ?

ನಾನು ಸರ್ವೇಯರ್. ಕಲಬುರಗಿಯಲ್ಲಿ ಮನೆ, ಕೆಲಸವೆಲ್ಲ ಮಳಖೇಡ, ಸೇಡಂ, ಚಿತ್ತಾಪುರ ಕಡೆಯ ಹೊಲಗಳಲ್ಲಿ. ಒಂದು ಚೀಲದಲ್ಲಿ ಟಿಪ್ಪಣಿ (ಹೊಲದ ಅಳತೆ ಬರೆದಿಟ್ಟ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ನಕಾಶೆ. ಇನ್ನೊಂದರಲ್ಲಿ ಬರೀ ಕಬ್ಬಿಣ: ಸರಪಳಿ, ಸುತ್ತಿಗೆ, ಗೂಟ. ಅಳತೆಗೆ ಈಗ ಯಂತ್ರಗಳು ಬಂದಿವೆ, ನಿಜ. ಆದರೆ ಹಳೆ ಟಿಪ್ಪಣಿಗಳೆಲ್ಲ ಸರಪಳಿ, ಆಣೆ ಲೆಕ್ಕದಲ್ಲೇ ಇವೆ. 33 ಅಡಿಗೆ ಒಂದು ಸರಪಳಿ, ಅದರಲ್ಲಿ 16 ಆಣೆ. 33 ಅಡಿ ಚೌಕವೇ ಒಂದು ಗುಂಟೆ. ಹಾಗಾಗಿ ಸರಪಳಿ ನನ್ನ ಜೊತೆ ಇದ್ದೇ ಇರುತ್ತದೆ.

ಅಂಗಡಿಯಲ್ಲಿ ನೇತುಹಾಕಿದ ಚೀಲಗಳು ಎಲ್ಲವೂ ಚಂದವೇ. ಅಂಥದ್ದೊಂದನ್ನು ತಂದು, ಸೂಪರ್ ಮಾರ್ಕೆಟ್ ಹತ್ತಿರ ಕೂತು ಹೊಲಿಯುವ ಕಾಕಾಗೆ ತೋರಿಸಿದೆ. ಅವರು ಮುಚ್ಚಳ ಎತ್ತಿ, ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆದರು.

"ಮಾರಿ ನೋಡಬ್ಯಾಡ್ರಿ ಸರ, ಅಂಚು ನೋಡ್ರಿ. ಇದು ತೊಗಲಲ್ಲ, ಪುಡಿ ಅಂಟಿಸ್ಯಾರ."

"ಮತ್ತ ಮ್ಯಾಲೆ ಲೆದರ್ ಅಂತ ಬರದಾರಲ್ಲ ಕಾಕಾ?"

"ಬರಿಯೋದಕ್ಕೇನ್ರಿ!"

ಅವರು ಹೇಳಿದ್ದು ಸರಿ. ತೊಗಲಿನ ಚೂರುಗಳನ್ನು ಪುಡಿ ಮಾಡಿ, ಅಂಟು ಸೇರಿಸಿ, ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟ ಹಾಳೆ ಅದು. ನಮ್ಮ ಬಿಸಿಲಿಗೆ ಸಿಪ್ಪೆ ಏಳುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು, ಅದನ್ನು ಮರೆತು ಚೀಲ ಕೊಳ್ಳೋಕಾಗಲ್ಲ ಅಲ್ವಾ? ಅಸಲಿ ತೊಗಲಿನ ಅಂಚಿನಲ್ಲಿ ಒತ್ತಾದ ನಾರು ಕಾಣುತ್ತದೆ. ಮೇಲ್ಮೈಯಲ್ಲಿ ರೋಮದ ರಂಧ್ರಗಳು ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಗೀರು, ಕಲೆ ಇರುತ್ತವೆ. ನನಗೆ ಆ ಗೀರುಗಳೇ ಇಷ್ಟ.

ನಾನು ಕಡೆಗೆ ಕಾಕಾನ ಕೈಯಲ್ಲೇ ಮಾಡಿಸಿದೆ. ತೊಗಟೆಯಲ್ಲಿ ಹದ ಮಾಡಿದ ದಪ್ಪ ತೊಗಲು. ನಮ್ಮ ಕಡೆ ತಂಗಡಿ, ಜಾಲಿ ತೊಗಟೆಯಿಂದ ಹದ ಮಾಡುವುದು ಹಳೆಯ ಪದ್ಧತಿ. ಇದು ಗಟ್ಟಿಯಾಗಿ ನಿಲ್ಲುತ್ತದೆ, ಆಕಾರ ಬಿಡುವುದಿಲ್ಲ, ಬಿಸಿಲಿಗೆ ಬಣ್ಣ ಕಂದಾಗುತ್ತಾ ಹೋಗುತ್ತದೆ. ಆದರೆ ಇದಕ್ಕೂ ಕಬ್ಬಿಣಕ್ಕೂ ಆಗಿಬರಲ್ಲ. ಒದ್ದೆ ಕಬ್ಬಿಣ ತಾಗಿದರೆ ತೊಗಟೆಯ ಒಗರಿನ ಜೊತೆ ಸೇರಿ ಕಪ್ಪು ಕಲೆ ಬೀಳುತ್ತದೆ, ಮತ್ತೆ ಹೋಗೋದು ಕಷ್ಟ. ಅದಕ್ಕೇ ರಿವಿಟ್, ಬಕಲ್ ಎಲ್ಲ ಹಿತ್ತಾಳೆಯದು ಹಾಕಿಸಿದೆ. ಸರಪಳಿ ಇಡುವ ಚೀಲಕ್ಕೆ ಒಳಗಡೆ ದಪ್ಪ ಕ್ಯಾನ್ವಾಸ್ ಹೊಲಿಸಿದೆ.

ಹೊಲಿಗೆ ನೋಡುತ್ತಾ ಕೂತಿದ್ದೆ. ಮೇಣ ಹಚ್ಚಿದ ಒಂದೇ ದಾರ, ಅದರ ಎರಡು ತುದಿಗೂ ಸೂಜಿ. ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಬಂದು ದಾಟುತ್ತವೆ. ಪ್ರತಿ ಸಲ ಕಾಕಾ ಎರಡೂ ಮೊಣಕೈ ಹೊರಗೆ ಚಾಚಿ ಜಗ್ಗುತ್ತಿದ್ದರು. ಮಷೀನ್ ಹೊಲಿಗೆ ಒಂದು ಕಡೆ ಹರಿದರೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ತೂಕ ಬೀಳುವ ಪಟ್ಟಿಯ ಬುಡಕ್ಕೆ ಹೊಲಿಗೆಯ ಜೊತೆ ರಿವಿಟ್ಟೂ ಬೇಕೇ ಬೇಕು.

ಇನ್ನು ಕೂರಿಸುವುದು. ನನ್ನದು ಕ್ಲಾಸಿಕ್ 350, ಸೈಲೆನ್ಸರ್ ಬಲಗಡೆ. ಬರೀ ಪಟ್ಟಿಯಲ್ಲಿ ತೂಗುಬಿಟ್ಟರೆ ಚೀಲ ಒಳಗೆ ವಾಲಿ ಸೈಲೆನ್ಸರ್‌ಗೆ ತಾಗುತ್ತದೆ, ಸುಟ್ಟ ತೊಗಲು ಗಟ್ಟಿಯಾಗಿ ಬಿರಿಯುತ್ತದೆ. ಗುಂಡಿಯಲ್ಲಿ ಬೈಕ್ ಕುಸಿದಾಗ ಚಕ್ರಕ್ಕೆ ಸಿಗುವ ಭಯ ಬೇರೆ. ಬಲಗಡೆಗೆ ಬಣ್ಣ ಹೊಡೆದ ಒಂದು ಕಬ್ಬಿಣದ ಫ್ರೇಮ್ ಮಾಡಿಸಿ. ಎಡಕ್ಕೆ ಸೀರೆ ಗಾರ್ಡ್ ಇದೆ, ಅದೇ ಆಸರೆ. ಇಂಡಿಕೇಟರ್ ಮುಚ್ಚದ ಹಾಗೆ ನೋಡಿಕೊಳ್ಳಿ. ಚೀಲ ತುಂಬಿಸಿ, ಹಿಂದೆ ಒಬ್ಬರನ್ನು ಕೂರಿಸಿಯೇ ಜಾಗ ಗುರುತು ಮಾಡಬೇಕು. ಖಾಲಿ ಬೈಕಿನ ಅಳತೆ ಸುಳ್ಳು.

ಮಳಖೇಡದ ಕಡೆ ಸುಣ್ಣದಕಲ್ಲಿನ ಧೂಳು ಜಾಸ್ತಿ. ಸಂಜೆ ಮನೆಗೆ ಬಂದು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಳೆಯಲ್ಲಿ ನೆನೆದರೆ ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಇಡಬೇಡಿ. ಆಮೇಲೆ ಲೆದರ್ ಕಂಡೀಷನರ್ ತೆಳ್ಳಗೆ ಹಚ್ಚಿ. ಸುಮ್ನೆ ಎಣ್ಣೆ ಸುರಿದರೆ ತೊಗಲು ಮೆತ್ತಗಾಗಿ ಜೋಲು ಬೀಳುತ್ತದೆ. ನಕಾಶೆಗಳನ್ನು ಮಾತ್ರ ನಾನು ಈಗಲೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಎಡಗಡೆ ಚೀಲಕ್ಕೆ ಹಾಕುವುದು.