66 ಟಿಕ್

ನಮ್ಮ ವೃದ್ಧಾಶ್ರಮ ಇರೋದು ಮುಂಬಯಿ ಹತ್ತಿರದ ಬದ್ಲಾಪುರದ ಕಡೆ. ಎರಡನೇ ಮಹಡಿಯಲ್ಲಿ 11 ಜನ ಬೆಡ್‌ರಿಡನ್, ನಾನು ಇನ್‌ಚಾರ್ಜ್. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ರೌಂಡ್ಸಿಗೆ ಹೋದರೆ, ಮಾಟುಂಗಾದ ಅಜ್ಜಿಯ ಸೊಂಟದ ಕೆಳಗೆ ಎಂಟಾಣೆಯಷ್ಟಗಲ ಚರ್ಮ ಕಿತ್ತುಬಂದಿತ್ತು. ಬೆಡ್‌ಸೋರ್, ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಒತ್ತಿದರೂ ಬಿಳುಚದ ಕೆಂಪು ಕಲೆ ಇದ್ದಾಗಲೇ ಕಣ್ಣಿಗೆ ಬಿದ್ದಿದ್ದರೆ ಮಾತು ಬೇರೆ. ಠಾಣೆಯಿಂದ ಓಡಿಬಂದ ಮಗಳು "14567ಕ್ಕೆ ಫೋನ್ ಮಾಡ್ತೀನಿ" ಅಂದರು. ಹಿರಿಯರ ಸಹಾಯವಾಣಿಯ ಆ ನಂಬರನ್ನು ರಿಸೆಪ್ಶನ್ನಿನ ಗೋಡೆಗೆ ಅಂಟಿಸಿದವನೇ ನಾನು.

ಮಲಗಿದವರನ್ನು ಹೊರಳಿಸಿದ್ದಕ್ಕೆ ಟಿಕ್ ಹಾಕುವ ಚಾರ್ಟ್ ತೆಗೆದೆ. ಎರಡು ಗಂಟೆಗೊಮ್ಮೆ ಎಡ, ಅಂಗಾತ, ಬಲ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಒಂದು ಮನೆಯೂ ಖಾಲಿಯಿಲ್ಲ. ಎಲ್ಲ ಟಿಕ್ಕೂ ಒಂದೇ ಓರೆ, ಒಂದೇ ಒತ್ತು. ಕೂತಲ್ಲೇ ಎಳೆದದ್ದು ಅಂತ ಕುರುಡನಿಗೂ ಗೊತ್ತಾಗುತ್ತಿತ್ತು.

ನೈಟ್ ಮಾವಶಿ (ಇಲ್ಲಿ ಆಯಾಗಳನ್ನು ಕರೆಯೋದೇ ಹಾಗೆ) ಬಿಜಾಪುರದ ಕಡೆಯವರು. ಇಡೀ ಬಿಲ್ಡಿಂಗಿನಲ್ಲಿ ನನ್ನ ಜೊತೆ ಮತ್ತು ಆ ಅಜ್ಜಿಯ ಜೊತೆ ಮಾತ್ರ ಅವರ ಕನ್ನಡ. ಹ್ಯಾಂಡೋವರ್ ಹೊತ್ತಿನಲ್ಲಿ, ಡೇ ಶಿಫ್ಟಿನ ಐದು ಜನರ ಎದುರಿಗೇ ಕೇಳಿದೆ: "ಇದನ್ನ ಕನಸಲ್ಲಿ ಬರೆದ್ರಾ ಮಾವಶಿ?" ಇಬ್ಬರು ನಕ್ಕರು.

"ಸರ, ಒಬ್ಬಾಕಿ ಎಷ್ಟಂತ ಹೊಳ್ಳಿಸ್ಲಿ?"

"ಆಗದಿದ್ರೆ ಆಗಲಿಲ್ಲ ಅನ್ನಿ. ಟಿಕ್ ಯಾಕೆ?"

ಅವರು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಟ್ರಾಲಿ ಮೇಲಿಟ್ಟು ಹೋದರು. ನಾನು ಮೆಮೊ ಟೈಪ್ ಮಾಡಿಸಿದೆ. 'ಒಬ್ಬಾಕಿ' ಅನ್ನೋ ಮಾತು ಅವತ್ತೇ ಕಿವಿಗೆ ಚುಚ್ಚಬೇಕಿತ್ತು. ಮಾರ್ಚ್‌ವರೆಗೆ ನೈಟಿಗೆ ಇಬ್ಬರಿದ್ದರು. ಕಮಿಟಿ ಖರ್ಚು ಇಳಿಸಿ ಅಂದಾಗ "ರಾತ್ರಿ ಎಲ್ಲರೂ ಮಲಗಿರ್ತಾರಲ್ಲ, ಒಬ್ಬರು ಸಾಕು" ಅಂದದ್ದು ನಾನು. ಮಿನಿಟ್ಸ್ ಬುಕ್ಕಿನಲ್ಲಿ ಈಗಲೂ ಇದೆ, ಕೆಳಗೆ ನನ್ನ ಸಹಿ.

ತಮಾಷೆ ಅಂದರೆ ಹಿಂದಿನ ವಾರವಷ್ಟೇ ವಾಶಿಯಲ್ಲಿ ಎರಡು ದಿನದ ಶಿಬಿರ ಮುಗಿಸಿ ಬಂದಿದ್ದೆ. ವಿಷಯ: ಕರುಣೆಯುಳ್ಳ ನಾಯಕತ್ವ. ಬ್ರಿಟನ್ನಿನ ಪ್ರೊಫೆಸರ್ ಮೈಕೆಲ್ ವೆಸ್ಟ್ ಹೇಳುವ ನಾಲ್ಕು ಹೆಜ್ಜೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ: ಗಮನ ಕೊಡು, ಅರ್ಥ ಮಾಡಿಕೊ, ಮನ ಮಿಡಿ, ನೆರವಾಗು. ಊಟಕ್ಕೆ ಶ್ರೀಖಂಡ ಇತ್ತು.

ಮರುದಿನ ರಾತ್ರಿಗೆ, ಆಯಾಗಳನ್ನು ಒದಗಿಸುವ ಬ್ಯೂರೋದವರು ಬೇರೆ ಮಾವಶಿ ಕಳಿಸುತ್ತೇವೆ ಅಂದರು. ಸಾಯನ್-ಕುರ್ಲಾ ಹಳಿ ಮೇಲೆ ನೀರು, ಆಕೆ ಕುರ್ಲಾದಲ್ಲೇ ಬಾಕಿ. ಒಂದು ರಾತ್ರಿ ತಾನೇ ಅಂತ ಏಪ್ರನ್ ಕಟ್ಟಿಕೊಂಡೆ.

ಎಂಟರ ಸುತ್ತಿಗೆ ಡೇ ಶಿಫ್ಟಿನವರು ಹೋಗುವ ಮುಂಚೆ ಕೈಹಾಕಿದರು. ಹತ್ತರದ್ದು ಹೇಗೋ ಮುಗಿಯಿತು. ಹನ್ನೆರಡರ ಸುತ್ತಿನಲ್ಲಿ ಒಬ್ಬರಿಗೆ ವಾಂತಿ, ಮೂವರ ಡೈಪರ್. ಏಳು ಜನಕ್ಕೇ ನಿಂತಿತು. ಎರಡರ ಸುತ್ತಿನಲ್ಲಿ ಆರನೇ ಬೆಡ್ಡಿನ ಅಜ್ಜ. ಭಾರೀ ಆಳು. ನನ್ನ ಕಡೆಗೆ ಹೊರಳಿಸಿದ್ದೇ ಸೈಡ್ ರೇಲಿನ ಕೊಕ್ಕೆ ಕಳಚಿ ಕೆಳಗೆ ಬಿತ್ತು. ಆ ಕೊಕ್ಕೆಯ ಕಂಪ್ಲೇಂಟು ಎರಡು ತಿಂಗಳಿಂದ ರಿಜಿಸ್ಟರಿನಲ್ಲಿದೆ. ಅಜ್ಜನ ಒಂದು ಕಾಲು, ಅರ್ಧ ಸೊಂಟ ಹೊರಗೆ. ತೊಡೆ ಒತ್ತಿ ತಡೆದೆ. ಎಡಗೈಯಲ್ಲಿ ವಾಚ್‌ಮನ್‌ಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇದೆ, ಹೊರಗೆ ಪತ್ರಾಶೀಟಿನ ಮೇಲೆ ಮಳೆ. ಎರಡನೇ ಬೆಡ್ಡಿನವರು ಬೆಲ್ ಒತ್ತುತ್ತಿದ್ದಾರೆ. ಅಜ್ಜ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ, ಮಾತಿಲ್ಲ. ನನ್ನ ತೊಡೆ ನಡುಗಲು ಶುರುವಾಯಿತು.

ಆಗ ಕತ್ತಲಿಂದ ಮಾಟುಂಗಾದ ಅಜ್ಜಿ: "ಮಂಡಿ ಹಾಸಿಗೆ ಮೇಲಿಡು ಮಾರಾಯಾ. ಅವರನ್ನು ಎಳೀಬೇಡ, ಅಡಿಯ ಚಾದರ ಎಳಿ. ಅವಳು ಹಾಗೇ ಮಾಡುದು."

ಮಂಡಿ ಇಟ್ಟೆ, ಚಾದರ ಎಳೆದೆ. ಅಜ್ಜ ಒಳಗೆ ಬಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಆ ಸುತ್ತು ಆರನೇ ಬೆಡ್ಡಿಗೇ ಮುಗಿಯಿತು. ನಾಲ್ಕಕ್ಕೆ ಹೊರಳಿಸಿದ್ದು ಅಜ್ಜಿಯೊಬ್ಬರನ್ನೇ, ಅದೂ ಮಗಳ ಹೆದರಿಕೆಗೆ.

ಐದೂಮುಕ್ಕಾಲಿಗೆ ಚಾರ್ಟ್ ಮುಂದೆ ಕೂತು ಲೆಕ್ಕ ಹಾಕಿದೆ. 11 ಜನ, ಆರು ಸುತ್ತು, 66 ಸಲ. ಇಬ್ಬರಿದ್ದರೆ ಐದು ನಿಮಿಷದ ಕೆಲಸ, ಒಬ್ಬರಿಗೆ ಹತ್ತು. ಹನ್ನೊಂದು ಗಂಟೆ ಅದಕ್ಕೇ ಹೋಯಿತು. ಉಳಿದ ಒಂದು ಗಂಟೆಯಲ್ಲಿ ಡೈಪರ್, ಮಾತ್ರೆ, ನೀರು, ಬೆಲ್ಲು, ತನ್ನದೊಂದು ಚಹಾ. ಈ ಚಾರ್ಟಿನ ಗೆರೆ ಎಳೆದವನೂ ನಾನೇ. ಅದರಲ್ಲಿ 'ಆಗಲಿಲ್ಲ' ಅಂತ ಬರೆಯಲು ಜಾಗವೇ ಇಟ್ಟಿರಲಿಲ್ಲ.

ಒಂಬತ್ತಕ್ಕೆ ಇದರ ಫೋಟೊ ಕಮಿಟಿಯ ವಾಟ್ಸಾಪ್ ಗ್ರೂಪಿಗೆ ಹೋಗಬೇಕು. ಖಾಲಿ ಮನೆ ಕಂಡರೆ ಖಜಾಂಚಿ ವಿವರಣೆ ಕೇಳುತ್ತಾರೆ, ತುಂಬಿದ್ದರೆ ಹೆಬ್ಬೆರಳು ಎತ್ತುತ್ತಾರೆ. ದಾರಕ್ಕೆ ಕಟ್ಟಿದ ಅದೇ ನೀಲಿ ಪೆನ್ನು ತೆಗೆದುಕೊಂಡು ಎಲ್ಲ ಮನೆಗೂ ಟಿಕ್ ಹಾಕಿದೆ. ಕೈ ತಪ್ಪಿ ಅಲ್ಲ, ಯೋಚಿಸಿಯೇ. ಇನ್ನೂ ಆಗಿರದ ಆರು ಗಂಟೆಯದ್ದಕ್ಕೂ. ಒಂದೇ ಓರೆ, ಒಂದೇ ಒತ್ತು.

ಹೆಬ್ಬೆರಳು ಬಂತು.

ಮೆಮೊ ಹರಿದು ಹಾಕೋಕೆ ಮೂರು ದಿನ ಬೇಕಾಯಿತು, ಮಾವಶಿಯ ಮನೆ ಹುಡುಕಿಕೊಂಡು ಅಂಬರನಾಥಕ್ಕೆ ಹೋಗೋಕೆ ಮತ್ತೆರಡು. ಅಲ್ಲಿ ಕ್ಷಮೆ ಕೇಳೋದು ಸುಲಭವಿತ್ತು, ಯಾರೂ ಇರಲಿಲ್ಲ. ನಕ್ಕ ಇಬ್ಬರ ಎದುರು ಹ್ಯಾಂಡೋವರಿನಲ್ಲಿ ಕೇಳುವಾಗ ಬಾಯಿ ಒಣಗಿತ್ತು. ಕಮಿಟಿಯ ಮುಂದೆ ನನ್ನ ಸುಳ್ಳು ಚಾರ್ಟನ್ನೇ ಇಟ್ಟೆ. ಬೈದರು, ಆಮೇಲೆ ನೈಟಿಗೆ ಎರಡನೆಯವರನ್ನು ಕೊಟ್ಟರು. ಮೂರು ತಿಂಗಳ 'ಟ್ರಯಲ್' ಅಂತೆ. ಚಾರ್ಟಿನಲ್ಲಿ 'ಆಗಲಿಲ್ಲ, ಕಾರಣ' ಅನ್ನೋ ಕಾಲಂ ಸೇರಿಸಿದ್ದಕ್ಕೆ ಖಜಾಂಚಿಗೆ ಇವತ್ತಿಗೂ ಸಿಟ್ಟು: ಇನ್‌ಸ್ಪೆಕ್ಷನ್ ಬಂದರೆ ಏನು ತೋರಿಸ್ತೀರಿ? ರೇಲಿನ ಕೊಕ್ಕೆಗೆ ಸದ್ಯ ಬ್ಯಾಂಡೇಜು ಸುತ್ತಿದೆ.

ಮಾವಶಿ ವಾಪಸ್ ಬಂದ ರಾತ್ರಿ ಮೊದಲು ಮಾಡಿದ್ದೇ ಹಳೇ ಚಾರ್ಟ್ ತಿರುವಿದ್ದು. ನಾನು ಡ್ಯೂಟಿ ಮಾಡಿದ ತಾರೀಖಿನ ಮೇಲೆ ಬೆರಳು ನಿಂತಿತು.

"ಒಬ್ಬರ ಇದ್ರೇನ್ರಿ ಸರ?"

"ಹೂಂ."

"ಅರವತ್ತಾರೂ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವರು ಏಪ್ರನ್ ಕಟ್ಟಿಕೊಂಡು ಬಕೆಟ್ ತುಂಬೋಕೆ ಹೋಗಿದ್ದರು.