ಸೀಟಿನಡಿ ಸಿಕ್ಕ ಪಿಸ್ತೂಲು

ನಾಕಾಬಂದಿಯಲ್ಲಿ ಕಾರು ತಡೆದು ಲೈಸೆನ್ಸಿಲ್ಲದ ನಾಡ ಪಿಸ್ತೂಲು ಹಿಡಿದರು ಅಂದ್ರೆ ಕೇಸು ಗೆದ್ದಂತೆ ಅಂದ್ಕೊಳ್ತೀವಿ. ಆದರೆ ಕಾರಲ್ಲಿ ನಾಲ್ವರಿದ್ದು, ಗನ್ ಸೀಟಿನಡಿ ಇದ್ದರೆ ಅದು ಯಾರದ್ದು? ಅದಿರೋದು ಆರೋಪಿಗೆ ಗೊತ್ತಿತ್ತು, ಅವನ ಹತೋಟಿಯಲ್ಲೇ ಇತ್ತು ಅನ್ನೋದು ಸಾಬೀತಾಗಬೇಕು. ಜೊತೆಗೆ ಕೂತಿದ್ದ ಮಾತ್ರಕ್ಕೆ ಸಾಲದು.

ಪಂಚರ, ಅಂದ್ರೆ ಜಪ್ತಿಗೆ ಸಾಕ್ಷಿಯಾಗಿ ನಿಲ್ಲೋರ ಮುಂದೆ ಮಹಜರು (ಸ್ಥಳದಲ್ಲೇ ಬರೆಯೋ ಜಪ್ತಿಯ ದಾಖಲೆ) ಬರೀಬೇಕು, ಗುಂಡು ಎಣಿಸಬೇಕು. ಗನ್ನನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಪಂಚರ ಸಹಿಯ ಚೀಟಿ ಅಂಟಿಸಬೇಕು. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೋ ಕೂಡ ಕಡ್ಡಾಯ. ಮುದ್ರೆ ಇಲ್ಲದೆ ಲ್ಯಾಬಿಗೆ ಹೋದರೆ, ಪರೀಕ್ಷೆ ಮಾಡಿದ್ದು ಅದೇ ಗನ್ನಾ ಅಂತ ವಕೀಲರು ಕೇಳೇ ಕೇಳ್ತಾರೆ. ನಡುರಾತ್ರಿ ಟಾರ್ಚ್ ಬೆಳಕಲ್ಲಿ ಬರೆದ ಆ ಎರಡು ಹಾಳೆ ಮೇಲೆ ಒಬ್ಬ ಮನುಷ್ಯನ ಬದುಕು ನಿಂತಿರುತ್ತಲ್ಲ, ಅದೇ ನನ್ನನ್ನು ಕಾಡೋದು.

ಇನ್ನೊಂದು, ಆಯುಧ ಕಾಯ್ದೆಯ ಕಲಂ 39. ಇಂಥ ಕೇಸು ಹೂಡೋಕೆ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರ ಮಂಜೂರಾತಿ ಬೇಕು. ಬೆಂಗಳೂರಿನಂಥ ಕಮಿಷನರೇಟಲ್ಲಾದರೆ ಪೊಲೀಸ್ ಕಮಿಷನರರದ್ದು. ಆ ಕಾಗದ ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ನೀರಲ್ಲಿ ಹೋಮ. 2019ರ ತಿದ್ದುಪಡಿಯಾದ ಮೇಲೆ ಶಿಕ್ಷೆ ಸಾಮಾನ್ಯವಾಗಿ ಕನಿಷ್ಠ 2 ವರ್ಷ, ಗರಿಷ್ಠ 5, ಜೊತೆಗೆ ದಂಡ.