ಕಾಕಾನ ಹೊಲ, ನನ್ನ ಬಜೆಟ್

ಸಿನಿಮಾಕ್ಕೆ ಕಥೆ ಬರೆಯುವವನೇ ಹಣವನ್ನೂ ಹೊಂದಿಸಬೇಕಾಗಿ ಬಂದರೆ ಬರವಣಿಗೆ ಸೊರಗುತ್ತದೆ ಎಂದು ಬೆಂಗಳೂರಿನ ಗೆಳೆಯರು ನನ್ನ ಮೇಲೆ ಕನಿಕರ ತೋರುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದದ ಕಡೆ ಕುಳಿತು ಬರೆಯುವವನಿಗೆ ಯಾವುದು ಅಗ್ಗ, ಯಾವುದು ತುಟ್ಟಿ ಎಂಬ ಲೆಕ್ಕವೇ ಬೇರೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಒಂದು ದೃಶ್ಯಕ್ಕೆ ನೂರು ಜನರ ಗುಂಪು ಬೇಕೆಂದರೆ ದಿನಭತ್ಯೆಯ ಬಾಟಾ, ಬಸ್ಸು, ಊಟ. ನನಗೆ ಎಳ್ಳ ಅಮಾವಾಸ್ಯೆ ಬಂದರೆ ಸಾಕು. ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಬಂದವರು ಕ್ಯಾಮೆರಾದವರಿಗೂ ಬಡಿಸುತ್ತಾರೆ.

ರಾತ್ರಿಯ ದೃಶ್ಯ ಮಾತ್ರ ನನ್ನನ್ನು ಮುಳುಗಿಸುತ್ತದೆ. ದೀಪ, ಜನರೇಟರ್ ಎಲ್ಲವನ್ನೂ ಹೈದರಾಬಾದಿನಿಂದ ತರಿಸುತ್ತೇನೆ. ಬೆಂಗಳೂರಿಗೆ ಹೋಲಿಸಿದರೆ ದಾರಿ ಅರ್ಧಕ್ಕಿಂತ ಕಡಿಮೆ. ಆದರೂ ದಿನದ ಬಾಡಿಗೆ ಬಾಡಿಗೆಯೇ. ಹಾಗಾಗಿ ನನ್ನ ಚಿತ್ರಕಥೆಗಳಲ್ಲಿ ಜನ ಹಗಲು ಹೊತ್ತಿನಲ್ಲೇ ಜಗಳವಾಡುತ್ತಾರೆ.

ಎತ್ತಿನ ಬಂಡಿಯಲ್ಲಿ ಬರುವಂತೆ ಬರೆದಿದ್ದ ಹಬ್ಬದ ಗುಂಪಿಗೂ ಒಂದು ತೊಡಕಿತ್ತು. ಎತ್ತು ತೆರೆಯ ಮೇಲೆ ಬರಬೇಕಾದರೆ ಹರಿಯಾಣದ ಬಲ್ಲಭಗಢದಲ್ಲಿರುವ ಪ್ರಾಣಿ ಕಲ್ಯಾಣ ಮಂಡಳಿಯಿಂದ ಮೊದಲೇ ಅನುಮತಿ ಪಡೆಯಬೇಕು. ಆ ಕಾಗದವಿಲ್ಲದೆ ಸೆನ್ಸಾರ್ ಮುಂದೆ ನಿಲ್ಲುವಂತಿಲ್ಲ. ‘ಎತ್ತು ನನ್ನವು, ಬಂಡಿ ನನ್ನದು, ಹರಿಯಾಣದವರದ್ದೇನು?’ ಎಂದು ಕಾಕಾ ಕೇಳಿದರು. ಅವರ ಎರಡು ಎತ್ತುಗಳಿಗೆ ಕಾಗದ ಮಾಡಿಸಿದೆ. ಉಳಿದವರು ಬಂಡಿ ಬಿಟ್ಟು ಟ್ರ್ಯಾಕ್ಟರಿನಲ್ಲಿ ಬರುವಂತೆ ದೃಶ್ಯವನ್ನೇ ತಿದ್ದಿದೆ. ಈಗ ಹಳ್ಳಿಯಲ್ಲಿ ಹೆಚ್ಚಿನವರು ಬರುವುದೂ ಹಾಗೆಯೇ ಎನ್ನಿ.

ಆ ಕಥೆ ಹೊಲ ಪಾಲಾಗುವ ಅಣ್ಣ-ತಮ್ಮಂದಿರದು. ಆಳೆತ್ತರದ ತೊಗರಿಯೊಳಗೆ ಅಣ್ಣ ತಮ್ಮನನ್ನು ಹುಡುಕುತ್ತಾ ಹೋಗುವ ದೃಶ್ಯವನ್ನು ಹೂ ಬಿಡುವ ಕಾಲಕ್ಕೆ ಇಟ್ಟುಕೊಂಡಿದ್ದೆ. ಹಣ ಹಾಕುತ್ತೇನೆಂದಿದ್ದವರೊಬ್ಬರು ದಸರಾ ಎಂದರು, ದೀಪಾವಳಿ ಎಂದರು, ಕೊನೆಗೆ ಸಂಕ್ರಾಂತಿ ಕಳೆದ ಮೇಲೆ ಕೊಟ್ಟರು. ಅಷ್ಟರಲ್ಲಿ ಕಾಕಾ ರಾಶಿ ಮಾಡಿ ಮುಗಿಸಿದ್ದರು. ಮುಂದಿನ ಹಂಗಾಮಿನವರೆಗೆ ಕಾಯುವ ಶಕ್ತಿ ನನಗಿರಲಿಲ್ಲ. ಬೋಳು ಹೊಲದ ಬದುವಿನ ಮೇಲೆ ಕುಳಿತು ಮತ್ತೆ ಬರೆದೆ: ಇಬ್ಬರೂ ದೂರದಿಂದಲೇ ಒಬ್ಬರಿಗೊಬ್ಬರು ಕಾಣುತ್ತಾರೆ, ಬಚ್ಚಿಟ್ಟುಕೊಳ್ಳಲು ಒಂದು ಗಿಡವೂ ಇಲ್ಲ, ಹತ್ತಿರ ಬರುವಷ್ಟೂ ಹೊತ್ತು ಮಾತೂ ಇಲ್ಲ. ಪುಟಗಟ್ಟಲೆ ಸಂಭಾಷಣೆ ಉದುರಿಹೋಯಿತು. ನಟರಿಬ್ಬರೂ ನೆಮ್ಮದಿಯ ಉಸಿರು ಬಿಟ್ಟರು.

ನನ್ನೊಳಗಿನ ಲೇಖಕ ನನ್ನೊಳಗಿನ ನಿರ್ಮಾಪಕನ ಮಾತು ಕೇಳದಿರುವುದು ಒಂದೇ ವಿಷಯದಲ್ಲಿ, ಧ್ವನಿಯಲ್ಲಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ನಮ್ಮ ಕಡೆಯ ಮಾತನ್ನು ಬೇರೆಯವರ ಬಾಯಲ್ಲಿ ಆಡಿಸಿದರೆ ಸಾವಿನ ಮನೆಯ ದೃಶ್ಯವೂ ಹಾಸ್ಯವಾಗಿಬಿಡುತ್ತದೆ. ಅದಕ್ಕೇ ಖರ್ಚಾದರೂ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ನಟರ ಮಾತು ಹಿಡಿಯುವುದು. ಟೇಕ್ ನಡೆಯುವಾಗ ಪಕ್ಕದ ಹೊಲದ ಪಂಪ್‌ಸೆಟ್ ನಿಲ್ಲಿಸಬೇಕಿತ್ತು, ಪಂಪ್ ಓಡಲು ಬೇಕಾದ ಮೂರು ಫೇಸ್ ಕರೆಂಟ್ ಇರುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ಹೊಲದವರು ತಾಸಿಗಿಷ್ಟು ಎಂದು ನೀರಿನ ಲೆಕ್ಕ ಬರೆದುಕೊಟ್ಟರು. ಚೌಕಾಸಿ ಮಾಡದೆ ಕೊಟ್ಟ ಬಿಲ್ಲು ಅದೊಂದೇ.